ವೇಷದ ಲೋಕಕ್ಕೂ ಗಡಿ ಬೇಕು

ಕೊಡಗಿನ ತಿತಿಮತಿ, ಗೋಣಿಕೊಪ್ಪಲು, ಪೊನ್ನಂಪೇಟೆ ಕಡೆಯ ರಸ್ತೆಗಳ ಚಹರೆ ಮೇ ತಿಂಗಳ ಕೊನೆಯ ಹೊತ್ತಿಗೆ ಒಮ್ಮೆ ಪೂರ್ತಿ ಬದಲಾಗುತ್ತದೆ. ದೇವರಪುರದ ಅಯ್ಯಪ್ಪ–ಭದ್ರಕಾಳಿ ದೇವಸ್ಥಾನದ ಕುಂಡೆ ಹಬ್ಬದ ಸಮಯ ಅದು. ಹಾಡಿಗಳಿಂದ, ಕಾಫಿ ತೋಟದ ಲೈನ್ ಮನೆಗಳಿಂದ ಹೊರಟ ಜೇನುಕುರುಬರು, ಬೆಟ್ಟಕುರುಬರು, ಯರವರು ಗುಂಪುಗುಂಪಾಗಿ ಬರುತ್ತಾರೆ. ಗಂಡಸರು ಸೀರೆ ಉಟ್ಟು, ರವಿಕೆ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡಿರುತ್ತಾರೆ. ಕೈಯಲ್ಲಿ ಸೋರೆಬುರುಡೆ, ಹಳೆಯ ಡಬ್ಬ, ಪ್ಲಾಸ್ಟಿಕ್ ಕ್ಯಾನು, ಹೀಗೆ ಬಡಿದು ಸದ್ದು ಮಾಡಲು ಏನಾದರೊಂದು ಇರುತ್ತದೆ. ಬಸ್ಸು, ಕಾರು, ಅಂಗಡಿ ಯಾವುದನ್ನೂ ಬಿಡದೆ ಎದುರಾದವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ಬೈಸಿಕೊಂಡವರು ತೋಟದ ಮಾಲೀಕರಾಗಿರಲಿ, ಅಧಿಕಾರಿಗಳಾಗಿರಲಿ, ಆ ದಿನ ಸಿಟ್ಟಾಗುವ ಹಾಗಿಲ್ಲ. ಬೇಟೆಗೆಂದು ಗಿರಿಜನರನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟು ಇವರನ್ನು ನಡುದಾರಿಯಲ್ಲಿ ಕೈಬಿಟ್ಟ ಎಂಬುದು ಹಬ್ಬದ ಹಿಂದಿನ ಕಥೆ. ಹಾಗಾಗಿ ಬೈಗುಳ ಮೊದಲು ಸಲ್ಲುವುದೇ ಆ ದೇವರಿಗೆ. ಕೊನೆಗೆ ಗುಂಪುಗಳೆಲ್ಲ ದೇವಸ್ಥಾನ ಸೇರಿ, ಕಾಣಿಕೆ ಹಾಕಿ, ತಪ್ಪಾಯಿತೆಂದು ಬೇಡಿಕೊಂಡು ಹಿಂತಿರುಗುತ್ತವೆ.

ಮೇಲುನೋಟಕ್ಕೆ ಇದು ಕಟ್ಟುಪಾಡೇ ಇಲ್ಲದ ಲೋಕ. ಹತ್ತಿರ ಹೋಗಿ ನೋಡಿದರೆ ಎಲ್ಲ ಕಡೆ ಕಟ್ಟುಪಾಡೇ ಕಾಣುತ್ತದೆ. ಬೈಯುವುದಕ್ಕೆ ದಿನ ಗೊತ್ತಾಗಿದೆ, ಮುಗಿಸುವುದಕ್ಕೆ ಜಾಗ ಗೊತ್ತಾಗಿದೆ. ಬೈಯುವವರು ವರ್ಷವಿಡೀ ಬೇರೆಯವರ ಮಾತು ಕೇಳಿಕೊಂಡು ಬದುಕುವವರು, ಬೈಸಿಕೊಳ್ಳುವವರು ವರ್ಷವಿಡೀ ಮಾತು ಹೇಳುವವರು. ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1950ರ ದಶಕದಲ್ಲಿ ಆಫ್ರಿಕಾದ ಇಂಥದೇ ಆಚರಣೆಗಳ ಬಗ್ಗೆ ಬರೆಯುತ್ತ, ಈ ಬಗೆಯ ಬಂಡಾಯ ವ್ಯವಸ್ಥೆಯನ್ನು ಕೆಡವುವುದಿಲ್ಲ, ಒಂದು ದಿನದ ಮಟ್ಟಿಗೆ ತಲೆಕೆಳಗು ಮಾಡಿ ಮತ್ತೆ ಗಟ್ಟಿಯಾಗಿ ನಿಲ್ಲಿಸುತ್ತದೆ ಎಂದು ವಾದಿಸಿದರು. ಕುಂಡೆ ಹಬ್ಬದ ಮಾರನೆಯ ದಿನವೂ ಕೂಲಿಯವರು ಕೂಲಿಯವರೇ, ಮಾಲೀಕರು ಮಾಲೀಕರೇ ಎಂಬುದನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಆದರೆ ನನಗೆ ಇಲ್ಲಿ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ವೇಷ ತೊಟ್ಟು ಪ್ರವೇಶಿಸುವ ಲೋಕವನ್ನು ಕಟ್ಟುವಾಗ ಈ ಜನ ಎರಡು ಕೆಲಸ ಮಾಡಿದ್ದಾರೆ. ನಿತ್ಯದ ಬದುಕಿನ ಕೆಲವು ರೂಢಿಗಳನ್ನು ಕಳಚಿಟ್ಟಿದ್ದಾರೆ. ಕಳಚಿಟ್ಟದ್ದರಿಂದ ಯಾರಿಗೂ ಗಾಯವಾಗದ ಹಾಗೆ ಹೊಸ ಗಡಿಗಳನ್ನು ಹಾಕಿದ್ದಾರೆ. ಇಂದು ನಾವು ದಿನವೂ ಹೊಕ್ಕು ಹೊರಬರುವ ಇನ್ನೊಂದು ವೇಷದ ಲೋಕವಿದೆ. ಅದು ಆಟದ ಅವತಾರಗಳ ಲೋಕ, ವಾಟ್ಸ್‌ಆ್ಯಪ್ ಗುಂಪುಗಳ ಲೋಕ, ಸಾಮಾಜಿಕ ಜಾಲತಾಣಗಳ ಲೋಕ. ಅಲ್ಲಿ ಈ ಎರಡೂ ತಿರುವುಮುರುವಾಗಿವೆ. ಕಳಚಿಡಬೇಕಾದ ಮೇಲುಕೀಳಿನ ರೂಢಿಗಳು ತಾವಾಗಿಯೇ ನಮ್ಮ ಜೊತೆ ಒಳಗೆ ಬಂದಿವೆ. ಜೊತೆಗೆ ತರಬೇಕಾಗಿದ್ದ ಹೊಣೆ ಹೊರಗೇ ಉಳಿದಿದೆ.

ರೂಢಿ ತಾನಾಗಿ ಬರುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇಕಷ್ಟಿದೆ. ಮನುಷ್ಯರು ಮಾತಾಡುವಾಗ ತಮ್ಮ ನಡುವೆ ಎಷ್ಟು ದೂರ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಎಡ್ವರ್ಡ್ ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದರು. ಅದಕ್ಕೂ ಒಂದು ವರ್ಷ ಮೊದಲು ಮೈಕೆಲ್ ಆರ್ಗೈಲ್ ಮತ್ತು ಜಾನೆಟ್ ಡೀನ್, ಎದುರಿನವರು ತೀರ ಹತ್ತಿರ ಬಂದರೆ ನಾವು ಕಣ್ಣು ಬೇರೆಡೆ ಹೊರಳಿಸಿ ಆ ಹತ್ತಿರವನ್ನು ಸರಿದೂಗಿಸುತ್ತೇವೆ ಎಂದು ತೋರಿಸಿದ್ದರು. ನಿಕ್ ಯೀ, ಜೆರೆಮಿ ಬೈಲೆನ್ಸನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನೇ ‘ಸೆಕೆಂಡ್ ಲೈಫ್’ ಎಂಬ ಕಂಪ್ಯೂಟರ್ ಲೋಕದಲ್ಲಿ ಹುಡುಕಿದರು. ಅಲ್ಲಿ ನಿಂತು ಮಾತಾಡುವುದು ಮೈಯಿಲ್ಲದ ಚಿತ್ರಗಳು. ಅವಕ್ಕೆ ಉಸಿರಿಲ್ಲ, ಬೆವರಿಲ್ಲ, ಮೈ ತಾಗುವ ಭಯವಿಲ್ಲ. ಕೀಲಿಮಣೆಯ ಗುಂಡಿ ಒತ್ತಿ ನಡೆಸುವ ಆ ಬೊಂಬೆಗಳು ಎಷ್ಟು ಹತ್ತಿರ ನಿಂತರೂ ಯಾರಿಗೂ ಏನೂ ಆಗುವುದಿಲ್ಲ. ಆದರೂ ಗಂಡಸಿನ ರೂಪದ ಎರಡು ಅವತಾರಗಳು ಹೆಂಗಸಿನ ರೂಪದ ಎರಡು ಅವತಾರಗಳಿಗಿಂತ ಹೆಚ್ಚು ದೂರ ಇಟ್ಟುಕೊಂಡೇ ನಿಲ್ಲುತ್ತಿದ್ದವು, ಒಂದರ ಮುಖ ಇನ್ನೊಂದು ನೋಡುವುದೂ ಕಡಿಮೆಯಿತ್ತು. ಹತ್ತಿರ ಬಂದಷ್ಟೂ ಮುಖ ತಿರುಗಿಸುವ ಆ ಹಳೆಯ ಸಂಕೋಚ ಅಲ್ಲೂ ಹಾಗೆಯೇ ಇತ್ತು. ಅಲ್ಲಿ ಹೀಗೆಯೇ ನಿಲ್ಲಬೇಕೆಂದು ಯಾರೂ ಕಲಿಸಿರಲಿಲ್ಲ. ಬದುಕಿನಲ್ಲಿ ನಿಂತು ನಿಂತು ಅಭ್ಯಾಸವಾದದ್ದು ಬೆರಳ ತುದಿಗೂ ಇಳಿದಿತ್ತು.

ಸಂಕೋಚ ಬಂದರೆ ಒಳ್ಳೆಯದೇ ಎನ್ನಬಹುದು. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಅದೇ ಹೊತ್ತಿಗೆ ಪಾಲ್ ಈಸ್ಟ್‌ವಿಕ್ ಮತ್ತು ವೆಂಡಿ ಗಾರ್ಡ್ನರ್ ಎಂಬ ಮನಶ್ಶಾಸ್ತ್ರಜ್ಞರು ‘ದೇರ್’ ಎಂಬ ಇನ್ನೊಂದು ಲೋಕದಲ್ಲಿ ಪರೀಕ್ಷೆ ನಡೆಸಿದರು. ಮೊದಲು ಭಾರಿ ಕೋರಿಕೆಯೊಂದನ್ನು ಮುಂದಿಟ್ಟು, ಎದುರಿನವರು ಆಗದು ಎಂದ ಮೇಲೆ ಚಿಕ್ಕದೊಂದನ್ನು ಕೇಳಿದರೆ ಜನ ಸುಲಭವಾಗಿ ಒಪ್ಪುತ್ತಾರೆ. ಒಮ್ಮೆ ಇಲ್ಲ ಎಂದ ಮುಜುಗರ ಎರಡನೆಯ ಸಲ ಹೂಂ ಅನ್ನಿಸುತ್ತದೆ. ವ್ಯಾಪಾರಿಗಳಿಗೂ ಚಂದಾ ಎತ್ತುವವರಿಗೂ ಚೆನ್ನಾಗಿ ಗೊತ್ತಿರುವ ಈ ಉಪಾಯ ಆ ಲೋಕದಲ್ಲೂ ಫಲಿಸಿತು. ಆದರೆ ಕೇಳುವ ಅವತಾರದ ಮೈಬಣ್ಣ ಕಪ್ಪಾಗಿದ್ದಾಗ ಅದು ಅಷ್ಟಾಗಿ ಫಲಿಸಲಿಲ್ಲ. ಆ ಬಣ್ಣ ಕೇಳುವವರ ನಿಜವಾದ ಬಣ್ಣವೇನೂ ಆಗಿರಬೇಕಿಲ್ಲ, ಅದನ್ನು ಗುಂಡಿ ಒತ್ತಿ ಆರಿಸಿಕೊಂಡದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ ಭೇದ ತನ್ನ ಕೆಲಸ ಮಾಡಿತು. ನಿಜವಲ್ಲವೆಂದು ತಿಳಿದಿರುವುದು ರಕ್ಷಣೆಯಾಗುವುದಿಲ್ಲ ಎಂಬುದನ್ನು ಲಂಡನ್ನಿನ ಮೆಲ್ ಸ್ಲೇಟರ್ ಮತ್ತು ಸಂಗಡಿಗರ 2006ರ ಪ್ರಯೋಗವೂ ತೋರಿಸಿತು. ಕಂಪ್ಯೂಟರಿನಲ್ಲಿ ಮೂಡಿಸಿದ ಹೆಂಗಸೊಬ್ಬಳಿಗೆ ವಿದ್ಯುತ್ ಆಘಾತ ಕೊಡುವಂತೆ ಹೇಳಿದಾಗ, ಅವಳು ಬರಿಯ ಚಿತ್ರವೆಂದು ಬಲ್ಲವರೂ ನಿಜವಾದ ಹೆಂಗಸಿನ ಮುಂದೆ ಕೂತಂತೆಯೇ ಕಸಿವಿಸಿಗೊಂಡರು.

ನಮ್ಮ ದೇಶದಲ್ಲಿ ರೂಢಿಗಳ ಈ ಸಾಗಾಟ ಆ ಲೋಕದ ಬಾಗಿಲಿನಿಂದಲೇ ಶುರುವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಂದಾದರೂ ಇಂಟರ್ನೆಟ್ ಬಳಸಿದವರು ಗಂಡಸರಲ್ಲಿ ಶೇ 57, ಹೆಂಗಸರಲ್ಲಿ ಶೇ 33. ಮನೆಯಲ್ಲಿ ಯಾರು ಮೊದಲು ಉಣ್ಣಬೇಕು, ಯಾರು ಹೊರಗೆ ಹೋಗಬಹುದು ಎಂದು ನಿಶ್ಚಯಿಸುವ ರೂಢಿಯೇ ಮೊಬೈಲ್ ಯಾರ ಕೈಗೆ ಸಿಗಬೇಕೆಂದೂ ನಿಶ್ಚಯಿಸುತ್ತದೆ. ಬಾಗಿಲು ದಾಟಿ ಒಳಗೆ ಬಂದವರಿಗೂ ಹೊಸ ಮುಖ ಸಿಗುವುದು ಕಡಿಮೆ. ಕೊಡಗಿನಲ್ಲಂತೂ ಹೆಸರೇ ಪೂರ್ತಿ ವಿಳಾಸ. ಕೊಡವರ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕೇಳಿದವರಿಗೆ ಒಕ್ಕ (ಮನೆತನ) ಯಾವುದು, ಊರು ಯಾವುದು, ನೆಂಟಸ್ತಿಕೆ ಎಲ್ಲಿಯದು ಎಂದು ತಿಳಿದುಹೋಗುತ್ತದೆ. ಒಕ್ಕದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿರಿಯರು ಹಾಕಿದ ಸಂದೇಶಕ್ಕೆ ಕೈಮುಗಿಯುವ ಚಿಹ್ನೆಗಳು ಸಾಲುಗಟ್ಟುವುದೂ, ಅವರ ಮಾತು ತಪ್ಪೆಂದು ಗೊತ್ತಿದ್ದರೂ ಕಿರಿಯರು ಬಹಿರಂಗವಾಗಿ ತಿದ್ದದಿರುವುದೂ, ಒಕ್ಕದ ಮೂಲಮನೆಯಾದ ಐನ್‌ಮನೆಯ ಕೈಸಾಲೆಯಲ್ಲಿ ನಡೆಯುವುದರ ಮುಂದುವರಿಕೆಯೇ. ಈ ಸಾಗಾಟದಲ್ಲಿ ಮನ ಕರಗಿಸುವಂಥದ್ದೂ ಇದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರ ಜೋಡಿ 2022ರ ಫೆಬ್ರುವರಿಯಲ್ಲಿ ತಮ್ಮ ಮದುವೆಯ ಆರತಕ್ಷತೆಯನ್ನು ಮೆಟಾವರ್ಸ್ ಎಂಬ ಕಂಪ್ಯೂಟರ್ ಲೋಕದಲ್ಲಿ ಏರ್ಪಡಿಸಿತು. ತೀರಿಕೊಂಡಿದ್ದ ವಧುವಿನ ತಂದೆಯ ರೂಪದಲ್ಲಿ ಒಂದು ಅವತಾರವನ್ನು ಮಾಡಿಸಿ, ಅವರೇ ನಿಂತು ಹರಸುವಂತೆ ನೋಡಿಕೊಂಡರು. ಯಾವ ಕಟ್ಟುಪಾಡೂ ಇಲ್ಲದ ಲೋಕ ಕೈಗೆ ಸಿಕ್ಕಾಗ ಆ ಮಕ್ಕಳು ಬಯಸಿದ್ದು ತಂದೆಯ ಆಶೀರ್ವಾದವನ್ನು.

ತಿತಿಮತಿಯ ಕಡೆ, ರೂಢಿ ಯಾರನ್ನು ಒಳಗೆ ಬಿಡುತ್ತದೆ ಎಂಬ ಪ್ರಶ್ನೆ ಬದುಕು ಸಾವಿನದಾಗುವುದು ಆನೆಯ ವಿಷಯದಲ್ಲಿ. ಮೈಸೂರಿನಿಂದ ಆನೆಚೌಕೂರು, ಮತ್ತಿಗೋಡು ಆನೆ ಶಿಬಿರದ ಮೇಲೆ ಹಾದು ಬರುವ ರಸ್ತೆ ನಾಗರಹೊಳೆಯ ಕಾಡು ಬಿಟ್ಟು ಕಾಫಿ ತೋಟಗಳಿಗೆ ಇಳಿಯುವ ಊರು ಇದು. ಕಾಡಾನೆಗಳಿಗೆ ಕಾಡೂ ತೋಟವೂ ಒಂದೇ. ರಾತ್ರಿ ಯಾವ ತೋಟದಲ್ಲಿ ಆನೆ ಇದೆ, ಬೆಳಿಗ್ಗೆ ಯಾವ ದಾರಿಯಲ್ಲಿ ಹೋಗಬಾರದು ಎಂಬ ಸುದ್ದಿ ಕೊಡಗಿನ ತೋಟದ ಊರುಗಳಲ್ಲಿ ಈಗ ಹರಡುವುದು ಬಹಳ ಮಟ್ಟಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅಂಥ ಗುಂಪಿನಲ್ಲಿ ಯಾರಿರುತ್ತಾರೆ ಎಂದು ನೋಡಬೇಕು. ತೋಟದ ಮಾಲೀಕರು, ತೋಟದ ಲೆಕ್ಕ ನೋಡುವ ರೈಟರ್, ಕೆಲವೆಡೆ ಮೇಸ್ತ್ರಿ, ಅರಣ್ಯ ಇಲಾಖೆಯ ಸಿಬ್ಬಂದಿ. ಬೆಳಗಿನ ಮಂಜಿನಲ್ಲಿ ನಡೆದು ಕೆಲಸಕ್ಕೆ ಹೋಗುವ ಯರವರ, ಜೇನುಕುರುಬರ ಹೆಂಗಸರ ಬಳಿ ಮೊಬೈಲ್ ಇರಲಿಕ್ಕಿಲ್ಲ. ಇದ್ದರೂ ಅದು ಬರಿಯ ಕರೆಯ ಫೋನಾಗಿರಬಹುದು, ಸ್ಮಾರ್ಟ್‌ಫೋನ್ ಆದರೂ ಕನ್ನಡ ಓದಲು ಬರದಿರಬಹುದು. ಈಚೆಗೆ ಅಸ್ಸಾಮಿನ ಕಡೆಯಿಂದ ಬಂದ ಕೂಲಿಯವರಿಗೆ ಕನ್ನಡವೂ ಇಲ್ಲ, ಕೊಡವ ನುಡಿಯೂ ಇಲ್ಲ. ಆನೆಯನ್ನು ಮೊದಲು ಕಾಣುವವರೂ ಆನೆಗೆ ಮೊದಲು ಸಿಕ್ಕಿಬೀಳುವವರೂ ಇವರೇ. ಲದ್ದಿ ಎಷ್ಟು ಹೊತ್ತಿನದು, ಕಾಲಿನ ಗುರುತು ಯಾವ ಕಡೆಗೆ ಹೋಗಿದೆ, ಒಂಟಿ ಸಲಗವೋ ಮರಿಯಿರುವ ಹಿಂಡೋ ಎಂದು ಹೇಳಬಲ್ಲವರೂ ಇವರೇ. ಆದರೆ ಸುದ್ದಿ ಮಾಲೀಕರಿಂದ ರೈಟರ್‌ಗೆ, ರೈಟರ್‌ನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಲೈನ್ ಮನೆಗೆ ಎಂಬ ಹಳೆಯ ಏಣಿಯನ್ನೇ ಇಳಿದು ಬರಬೇಕು. ಸುದ್ದಿ ಮೇಲಕ್ಕೆ ಏರುವುದು ಇನ್ನೂ ಕಷ್ಟ. ತಂತ್ರಜ್ಞಾನ ಬದಲಾಯಿತು, ಏಣಿ ಬದಲಾಗಲಿಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಇದನ್ನು ಮಾಡಿಲ್ಲ. ಗುಂಪು ಕಟ್ಟುವಾಗ ತಮಗೆ ಪರಿಚಯವಿದ್ದವರನ್ನು ಸೇರಿಸಿದರು, ಅಷ್ಟೇ. ರೂಢಿ ಸಾಗಿ ಬರುವುದು ಹೀಗೆಯೇ, ಯಾರ ಗಮನಕ್ಕೂ ಬಾರದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ರೂಢಿ ಅಷ್ಟು ಗಟ್ಟಿಯಾಗಿ ಬರುವುದಾದರೆ ಜಾಲತಾಣಗಳಲ್ಲಿ ಇಷ್ಟು ಹೊಲಸು ಬೈಗುಳ ಏಕೆ? ಎದುರಿಗೆ ಸಿಕ್ಕರೆ ನಮಸ್ಕಾರ ಎನ್ನುವವರು ಅಲ್ಲಿ ಬಾಯಿಗೆ ಬಂದದ್ದನ್ನು ಬರೆಯುತ್ತಾರಲ್ಲ? ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞ 2004ರಲ್ಲಿ ಇದರ ಕಾರಣಗಳನ್ನು ಹೇಳಿದರು. ಹೆಸರು ಕಾಣುವುದಿಲ್ಲ, ಮುಖ ಕಾಣುವುದಿಲ್ಲ, ಉತ್ತರ ಒಡನೆ ಬರುವುದಿಲ್ಲ, ಹಾಗಾಗಿ ಲಗಾಮು ಸಡಿಲವಾಗುತ್ತದೆ ಎಂಬುದು ಅವರ ವಿವರಣೆ. ಅದು ನಿಜ. ಆದರೆ ಲಗಾಮು ತಪ್ಪಿದ ಬೈಗುಳ ಎತ್ತ ಓಡುತ್ತದೆ ಎಂದು ನೋಡಿದರೆ ಅದು ದಿಕ್ಕಿಲ್ಲದೆ ಓಡುತ್ತಿಲ್ಲ. 2019ರ ಲೋಕಸಭಾ ಚುನಾವಣೆಯ ತಿಂಗಳುಗಳಲ್ಲಿ 95 ಮಹಿಳಾ ರಾಜಕಾರಣಿಗಳನ್ನು ಹೆಸರಿಸಿದ ಟ್ವೀಟ್‌ಗಳನ್ನು ಆಮ್ನೆಸ್ಟಿ ಇಂಡಿಯಾ ಪರಿಶೀಲಿಸಿತು. ಸುಮಾರು 7ಕ್ಕೆ 1ರಂತೆ ಆಕ್ಷೇಪಾರ್ಹ ಅಥವಾ ನಿಂದನೀಯ ಟ್ವೀಟ್‌ಗಳು ಸಿಕ್ಕವು. ಮುಸ್ಲಿಂ ಮಹಿಳೆಯರ ಮೇಲೆ ಧರ್ಮದ ನಿಂದನೆ, ಕೆಳಜಾತಿಗಳೆನ್ನಿಸಿಕೊಂಡ ಸಮುದಾಯಗಳಿಂದ ಬಂದ ಮಹಿಳೆಯರ ಮೇಲೆ ಜಾತಿಯ ನಿಂದನೆ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಶತಮಾನಗಳಿಂದ ಯಾರನ್ನು ಬೈಯಬಹುದೆಂದು ಸಮಾಜ ಒಪ್ಪಿಕೊಂಡು ಬಂದಿದೆಯೋ ಅವರನ್ನೇ ಅಲ್ಲೂ ಬೈಯಲಾಗುತ್ತಿದೆ. ಮುಖ ಮರೆಯಾದಾಗ ಮನುಷ್ಯ ರೂಢಿಯಿಂದ ಬಿಡುಗಡೆಯಾಗುವುದಿಲ್ಲ, ತಾನು ಸೇರಿದ ಗುಂಪಿನ ರೂಢಿಗೆ ಇನ್ನಷ್ಟು ಒಳಗಾಗುತ್ತಾನೆ ಎಂದು ರಸೆಲ್ ಸ್ಪಿಯರ್ಸ್, ಮಾರ್ಟಿನ್ ಲೀ ಮೊದಲಾದವರು 1990ರ ದಶಕದಲ್ಲೇ ವಾದಿಸಿದ್ದರು. ಆದುದರಿಂದ ಜಾಲತಾಣದ ಬೈಗುಳ ನನ್ನ ವಾದಕ್ಕೆ ಎದುರಾಗಿ ನಿಲ್ಲುವುದಿಲ್ಲ. ಅದು ಆ ವಾದದ ಅತ್ಯಂತ ಕಹಿಯಾದ ಪುರಾವೆ.

ಹಾಗಾದರೆ ಕಾಣೆಯಾದದ್ದು ಏನು? ಕುಂಡೆ ಹಬ್ಬದ ಬೈಗುಳದ ಪಕ್ಕದಲ್ಲಿ ಜಾಲತಾಣದ ಬೈಗುಳವನ್ನು ಇಟ್ಟರೆ ಮೂರು ವ್ಯತ್ಯಾಸಗಳು ಕಾಣುತ್ತವೆ. ಮೊದಲನೆಯದು ದಿಕ್ಕು. ಹಬ್ಬದ ಬೈಗುಳ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ದೇವರನ್ನೂ ಬಿಡುವುದಿಲ್ಲ. ಜಾಲತಾಣದ್ದು ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ, ಬಲವಿದ್ದವರಿಂದ ಬಲವಿಲ್ಲದವರ ಮೇಲೆ ಬೀಳುತ್ತದೆ. ಎರಡನೆಯದು ಕೊನೆ. ಹಬ್ಬ ಮುಗಿಯುತ್ತದೆ, ಆಡಿದ ಮಾತು ಗಾಳಿಗೆ ಹೋಗುತ್ತದೆ. ಜಾಲತಾಣದಲ್ಲಿ ಬರೆದದ್ದು ಉಳಿಯುತ್ತದೆ, ಯಾರೋ ಅದರ ಚಿತ್ರ ತೆಗೆದಿಟ್ಟು ಐದು ವರ್ಷದ ಮೇಲೂ ಹಂಚುತ್ತಾರೆ. ಮೂರನೆಯದು ಸಾಕ್ಷಿ. ಹಬ್ಬದ ರಸ್ತೆಯಲ್ಲಿ ಬೈಯುವವರೂ ಬೈಸಿಕೊಳ್ಳುವವರೂ ಸುತ್ತ ನಿಂತವರೂ ಪರಸ್ಪರ ಬಲ್ಲವರು. ವೇಷದ ಒಳಗೆ ಯಾರಿದ್ದಾರೆಂದು ಊರಿಗೆ ಗೊತ್ತು. ಎಲ್ಲೆ ಮೀರಿದರೆ ತಡೆಯುವವರು ಅಲ್ಲಿಯೇ ಇದ್ದಾರೆ, ಕೊನೆಗೆ ತಪ್ಪೊಪ್ಪಿಕೊಳ್ಳಲು ಜಾಗವೂ ಇದೆ. ದಿಕ್ಕು, ಕೊನೆ, ಸಾಕ್ಷಿ ಈ ಮೂರೂ ಮನುಷ್ಯನ ಮೈಯೊಳಗೆ ಇರುವಂಥವಲ್ಲ. ಅವು ಇರುವುದು ಜಾಗದಲ್ಲಿ, ದಿನದಲ್ಲಿ, ನೆರೆಹೊರೆಯಲ್ಲಿ. ನಾವು ಪರದೆಯ ಆಚೆಗೆ ಹೋಗುವಾಗ ನಮ್ಮ ಅಭ್ಯಾಸಗಳು ನಮ್ಮೊಳಗೇ ಇರುವುದರಿಂದ ಜೊತೆಗೆ ಬರುತ್ತವೆ. ಜಾಗವೂ ನೆರೆಹೊರೆಯೂ ಬರುವುದಿಲ್ಲ. ಹೊಣೆ ಹೊರಗುಳಿಯುವುದಕ್ಕೆ ಮೂಲ ಕಾರಣ ಇದು.

ಇದರ ಬೆಲೆಯನ್ನು ಕರ್ನಾಟಕ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಜನ ದಾರಿಗೆ ಅಡ್ಡ ನಿಂತು ಹೊಡೆದರು, ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು. ಆ ಸಂದೇಶವನ್ನು ನಂಬಿದವರು ನಂಬಿದ್ದು ತಂತ್ರಜ್ಞಾನವನ್ನಲ್ಲ, ಕಳಿಸಿದವರನ್ನು. ನಮ್ಮ ಊರಿನವನು, ನಮ್ಮ ಸೋದರಮಾವ, ನಮ್ಮ ಮೇಷ್ಟ್ರು ಹೇಳಿದ್ದಾರೆ ಎಂದರೆ ನಂಬಬೇಕೆಂಬುದು ಹಳ್ಳಿಯ ಹಳೆಯ ರೂಢಿ, ಒಳ್ಳೆಯ ರೂಢಿಯೂ ಹೌದು. ಅದು ಹಾಗೆಯೇ ವಾಟ್ಸ್‌ಆ್ಯಪ್ ಒಳಗೆ ಬಂತು. ಆದರೆ ಆ ನಂಬಿಕೆಯ ಇನ್ನೊಂದು ಮುಖ ಬರಲಿಲ್ಲ. ಕಟ್ಟೆಯ ಮೇಲೆ ಕೂತು ಸುಳ್ಳು ಹಬ್ಬಿಸಿದವನನ್ನು ಮಾರನೆಯ ದಿನ ಊರು ಹಿಡಿದು ಕೇಳುತ್ತಿತ್ತು. ಬೆರಳಿನಿಂದ ಮುಂದೆ ತಳ್ಳಿದವನನ್ನು ಯಾರೂ ಕೇಳುವುದಿಲ್ಲ, ಅವನು ಬರಿಯ ದಾರಿಯಾಗಿದ್ದನಷ್ಟೆ. ಜನರ ಸ್ವಭಾವವೇ ಹೀಗೆ, ಏನು ಮಾಡಲು ಸಾಧ್ಯ ಎನ್ನುವವರು ಮುಂದೆ ಏನಾಯಿತೆಂದು ಗಮನಿಸಬೇಕು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ 1 ಕಡೆಗೆ ಮಾತ್ರ ಕಳಿಸಬಹುದೆಂದು ಮಾಡಿತು. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿತು. ಮನುಷ್ಯರ ಸ್ವಭಾವ ಆ ತಿಂಗಳು ಬದಲಾಗಿರಲಿಲ್ಲ. ಗಡಿಯೊಂದು ಎದ್ದಿತ್ತು, ಅಷ್ಟೇ.

ಎರಡನೆಯ ಆಕ್ಷೇಪ ಬರುವುದು ಬಿಡುಗಡೆಯನ್ನು ಬಯಸುವವರಿಂದ, ಅದನ್ನು ಗೌರವದಿಂದ ಕೇಳಬೇಕು. ಊರಿನ ಕಣ್ಣು ಯಾರನ್ನು ವರ್ಷವಿಡೀ ಕಾಡಿದೆಯೋ ಅವರಿಗೆ ಹೆಸರಿಲ್ಲದ ಲೋಕ ಒಂದು ಆಸರೆ. ಊರಿನಲ್ಲಿ ಬಾಯಿ ತೆರೆಯಲಾಗದ ದಲಿತ ಯುವಕ ಅಲ್ಲಿ ಬರೆಯಬಹುದು. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಹುಡುಗಿಯೊಬ್ಬಳು ಅಲ್ಲಿ ಹಂಚಿಕೊಳ್ಳಬಹುದು. ಗಡಿ ಹಾಕುವ ಮಾತು ಎತ್ತಿದರೆ ಊರಿನ ಕಣ್ಣನ್ನೇ ಅಲ್ಲಿಗೂ ಕರೆತಂದಂತಾಗುವುದಿಲ್ಲವೇ? ಈ ಆತಂಕ ನ್ಯಾಯವಾದದ್ದು. ಆದರೆ ಆಸರೆಯಾಗಿರುವುದು ಹೆಸರು ಮರೆಸುವ ಅವಕಾಶ. ಹೊಣೆಯಿಲ್ಲದಿರುವುದು ಯಾರಿಗೂ ಆಸರೆಯಾಗಿಲ್ಲ. ಇವೆರಡೂ ಒಂದೇ ಅಲ್ಲ. ಹೆಸರು ಮರೆಸಿಕೊಂಡವರೂ ತಮ್ಮ ಮಾತಿಗೆ ಉತ್ತರ ಕೊಡುವಂತೆ ಒಂದು ಲೋಕವನ್ನು ಕಟ್ಟಬಹುದು. ಅಮೆರಿಕದ ಪಾವೆಲ್ ಕರ್ಟಿಸ್ ನಿರ್ಮಿಸಿದ್ದ, ಬರೆಹದಿಂದಲೇ ಆದ ‘ಲ್ಯಾಂಬ್ಡಾಮೂ’ ಎಂಬ ಲೋಕದಲ್ಲಿ 1993ರಲ್ಲಿ ಒಬ್ಬ, ಬೇರೆಯವರ ಪಾತ್ರಗಳು ತಾವೇ ಮಾಡುತ್ತಿವೆಯೇನೋ ಎಂಬಂತೆ ಕ್ರೂರವಾದ ಲೈಂಗಿಕ ಹಿಂಸೆಯನ್ನು ಬರೆದು ಎಲ್ಲರ ಪರದೆಯ ಮೇಲೆ ಹರಡಿದ. ಅಲ್ಲಿ ಮೈಯಿರಲಿಲ್ಲ, ಆದರೂ ಆ ಪಾತ್ರಗಳ ಹಿಂದಿದ್ದ ಹೆಂಗಸರು ನಿಜವಾಗಿ ನೊಂದರು. ಆ ಲೋಕದವರು ಸೇರಿ ದೀರ್ಘವಾಗಿ ಚರ್ಚಿಸಿದರು, ನಿಯಮ ಮಾಡುವ ಅಧಿಕಾರ ಯಾರದು ಎಂದು ಜಗಳವಾಡಿದರು. ತಪ್ಪು ಮಾಡಿದವನ ಪಾತ್ರವನ್ನು ಕೊನೆಗೆ ಅಳಿಸಲಾಯಿತು. ಅದಾದ ಮೇಲೆ ಅರ್ಜಿ ಹಾಕಿ ಮತದಾನದಿಂದ ನಿಯಮ ಮಾಡುವ ಪದ್ಧತಿ ಬಂತು. ಯಾರೂ ತಮ್ಮ ನಿಜವಾದ ಹೆಸರು ಹೇಳಬೇಕಾಗಿರಲಿಲ್ಲ. ಹೆಸರು ಮರೆಯಲ್ಲಿಟ್ಟೂ ಹೊಣೆ ಹೊರಲು ಸಾಧ್ಯ ಎಂಬುದಕ್ಕೆ ಆ ಘಟನೆಯನ್ನು ಪತ್ರಕರ್ತ ಜೂಲಿಯನ್ ಡಿಬೆಲ್ ಅದೇ ವರ್ಷ ಬರೆದಿಟ್ಟ ವರದಿಯೇ ದಾಖಲೆ.

ಮೂರನೆಯದು, ಯಾರ ಕಟ್ಟುಪಾಡು ಎಂಬ ಪ್ರಶ್ನೆ. ಊರಿನ ಹಳೆಯ ನ್ಯಾಯವನ್ನು ಹೊಗಳುವುದು ಸುಲಭ. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಕ್ಕ, ಊರು, ನಾಡು ಎಂಬ ಕಟ್ಟು ಎಷ್ಟು ಬಿಗಿಯಾಗಿತ್ತೆಂದು ಕಾಣಬಹುದು. ಮುಖ್ಯಸ್ಥರಾದ ತಕ್ಕರೂ ಹಿರಿಯರೂ ಇದ್ದರು, ತಪ್ಪಿಗೆ ದಂಡವೂ ಇತ್ತು. ಆದರೆ ಆ ಕಟ್ಟಿನ ಒಳಗೆ ಯರವರು ಎಲ್ಲಿದ್ದರು? ಒಂದು ಕಾಲಕ್ಕೆ ಅವರು ಭೂಮಿಯ ಜೊತೆಗೆ ಕೈ ಬದಲಾಗುತ್ತಿದ್ದ ಜೀತದಾಳುಗಳು. ಊರು ಸೇರುವ ಬಯಲಾದ ಮಂದ್‌ನಲ್ಲಿ ಅವರ ಮಾತಿಗೆ ಜಾಗವಿರಲಿಲ್ಲ. ಆದುದರಿಂದ ಹಳೆಯ ಕಟ್ಟುಪಾಡನ್ನು ಇಡಿಯಾಗಿ ಎತ್ತಿ ಹೊಸ ಲೋಕದಲ್ಲಿ ಇಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಮೇಲುಕೀಳು ಈಗಾಗಲೇ ಕರೆಯದೆ ಬಂದು ಕೂತಿದೆ. ತರಬೇಕಾದದ್ದು ಅದರ ಒಂದೇ ಒಂದು ಗುಣವನ್ನು: ಆಡಿದ ಮಾತಿಗೆ ಆಡಿದವರು ಉತ್ತರ ಕೊಡಬೇಕೆಂಬುದು. ಉಳಿದದ್ದನ್ನು ಅಳೆಯಲು ಒಂದು ಅಳತೆಗೋಲು ಸಾಕು. ನಿಯಮ ತಪ್ಪಿದರೆ ಪೆಟ್ಟು ಬೀಳುವುದು ಯಾರ ಮೇಲೋ, ನಿಯಮ ಮಾಡುವಾಗ ಮೊದಲ ಮಾತು ಅವರದಾಗಬೇಕು. ಲ್ಯಾಂಬ್ಡಾಮೂನಲ್ಲಿ ಶಿಕ್ಷೆಯಾಗಬೇಕೆಂದು ಮೊದಲು ದನಿ ಎತ್ತಿದವರು ನೊಂದವರೇ. ಕುಂಡೆ ಹಬ್ಬದಲ್ಲೂ ಬೈಗುಳದ ಹಕ್ಕು ಇರುವುದು ವರ್ಷವಿಡೀ ಸಹಿಸಿಕೊಂಡವರಿಗೆ. ಈ ಅಳತೆಯಲ್ಲಿ ನೋಡಿದರೆ ಹಿರಿಯರ ಹಿಡಿತಕ್ಕೂ ಹೊಣೆಗೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಕಾನೂನು ಇದೆ, ಕಂಪನಿಗಳಿವೆ, ಅವರೇ ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಎರಡೂ ಬೇಕು, ಎರಡೂ ಸಾಲವು. ಮೆಟಾ ಕಂಪನಿಯ ‘ಹೊರೈಜನ್ ವರ್ಲ್ಡ್ಸ್’ ಎಂಬ ಲೋಕದಲ್ಲಿ ಮಹಿಳೆಯರ ಅವತಾರಗಳನ್ನು ಸುತ್ತುವರಿದು ಮೈಮುಟ್ಟುವಂತೆ ವರ್ತಿಸಿದ ದೂರುಗಳು ಬಂದ ಮೇಲೆ, 2022ರ ಫೆಬ್ರುವರಿಯಲ್ಲಿ ಕಂಪನಿ ಅವತಾರಗಳ ನಡುವೆ ಸುಮಾರು 4 ಅಡಿ ಅಂತರವನ್ನು ತಂತ್ರಾಂಶದಲ್ಲೇ ಕಡ್ಡಾಯ ಮಾಡಿತು. ಸಂಕೋಚವಿದ್ದವರು ತಾವಾಗಿ ಕಾಯ್ದುಕೊಳ್ಳುತ್ತಿದ್ದ ದೂರ ಅದು, ಸಂಕೋಚವಿಲ್ಲದವರಿಗಾಗಿ ಗೋಡೆಯಾಯಿತು. ಆದರೆ ಕಂಪನಿ ಎಚ್ಚೆತ್ತದ್ದು ಗಾಯವಾದ ಮೇಲೆ. ನಮ್ಮ ಗುಂಪುಗಳ ಸಂಗತಿಗೆ ಬಂದರೆ ಬಾಂಬೆ ಮತ್ತು ಕೇರಳದ ಹೈಕೋರ್ಟುಗಳು, ಸದಸ್ಯರು ಹಾಕಿದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು 2021 ಮತ್ತು 2022ರಲ್ಲಿ ಹೇಳಿವೆ. ಅದು ಸರಿಯಾದ ತೀರ್ಪು, ಮಾಡದ ತಪ್ಪಿಗೆ ಯಾರನ್ನೂ ಜೈಲಿಗೆ ಕಳಿಸಬಾರದು. ಆದರೆ ಅಪರಾಧವಲ್ಲದ್ದೆಲ್ಲ ಸರಿಯೂ ಆಗಿಬಿಡುವುದಿಲ್ಲ. ಗುಂಪು ಕಟ್ಟಿದವರು ಸಭೆ ಕರೆದವರೇ. ತಮ್ಮ ಅಂಗಳದಲ್ಲಿ ಕರೆದ ಸಭೆಯಲ್ಲಿ ಯಾರಾದರೂ ಒಬ್ಬರ ಜಾತಿ ಎತ್ತಿ ಬೈದರೆ ಮನೆಯವರು ಸುಮ್ಮನಿರುವುದಿಲ್ಲ. ಪರದೆಯ ಮೇಲೆ ಸುಮ್ಮನಿದ್ದರೆ ನಡೆಯುತ್ತದೆ ಎಂದು ನಾವೇ ಒಂದು ಹೊಸ ರೂಢಿಯನ್ನು ಹುಟ್ಟುಹಾಕುತ್ತಿದ್ದೇವೆ. ಅದನ್ನು ಈಗಲೇ ಮುರಿಯಬೇಕು.

ಬೇರೂರಿದ ರೂಢಿಯನ್ನು ಮುರಿಯುವುದು ಅಸಾಧ್ಯವಲ್ಲ ಎಂಬುದಕ್ಕೆ ಉದಾಹರಣೆ ಪಕ್ಕದ ಹಾಸನ ಜಿಲ್ಲೆಯಲ್ಲೇ ಇದೆ. ಆಲೂರು–ಸಕಲೇಶಪುರ ಭಾಗದಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಅರಣ್ಯ ಇಲಾಖೆಯ ಜೊತೆಗೂಡಿ 2017ರ ಹೊತ್ತಿಗೆ ಆನೆಯ ಮುನ್ಸೂಚನೆಯ ವ್ಯವಸ್ಥೆಯೊಂದನ್ನು ಮಾಡಿತು. ತಮಿಳುನಾಡಿನ ವಾಲ್ಪಾರೈನ ಟೀ ತೋಟಗಳಲ್ಲಿ ಅದಕ್ಕೂ ಮೊದಲು ಅಂಥ ವ್ಯವಸ್ಥೆ ನಡೆದಿತ್ತು. ಎಸ್ಸೆಮ್ಮೆಸ್ಸಿನ ಜೊತೆಗೆ ಧ್ವನಿಯ ಕರೆ ಬರುತ್ತದೆ, ಆದ್ದರಿಂದ ಓದು ಬಾರದವರಿಗೂ ಸುದ್ದಿ ಮುಟ್ಟುತ್ತದೆ. ಜನ ಓಡಾಡುವ ಜಾಗಗಳಲ್ಲಿ ಕಂಬದ ಮೇಲೆ ಕೆಂಪು ದೀಪವಿದೆ. ಆನೆ ಹತ್ತಿರವಿದ್ದರೆ ಮೊಬೈಲ್‌ನಿಂದಲೇ ಅದನ್ನು ಹೊತ್ತಿಸುತ್ತಾರೆ. ಆ ದೀಪ ಕಾಣಲು ಯಾವ ಗುಂಪಿಗೂ ಸೇರಬೇಕಿಲ್ಲ, ಯಾವ ಭಾಷೆಯೂ ಬೇಕಿಲ್ಲ, ಕೈಯಲ್ಲಿ ಫೋನೂ ಬೇಕಿಲ್ಲ. ಮಾಲೀಕರಿಗೂ ಕೂಲಿಯವರಿಗೂ ಅದು ಒಂದೇ ಹೊತ್ತಿಗೆ ಕಾಣುತ್ತದೆ. ಹಳೆಯ ಏಣಿಯನ್ನು ಪೂರ್ತಿ ಬದಿಗಿಟ್ಟ ಸಂದೇಶ ಅದು. ಸುದ್ದಿ ಯಾರನ್ನು ತಲುಪದಿದ್ದರೆ ಜೀವ ಹೋಗುತ್ತದೋ ಅವರನ್ನು ಮೊದಲು ನೆನೆದು ಕಟ್ಟಿದ್ದರಿಂದ ಅದು ಹಾಗಾಯಿತು.

ತಿತಿಮತಿಯ ಸುತ್ತಿನಲ್ಲೂ, ನಾಡಿನ ಉಳಿದೆಡೆಯೂ ನಮ್ಮ ಗುಂಪುಗಳನ್ನು ಇದೇ ವಿವೇಕದಿಂದ ಮತ್ತೆ ಕಟ್ಟಿಕೊಳ್ಳಬೇಕು. ಆನೆಯ ಗುಂಪಿಗೆ ಲೈನ್ ಮನೆಯಿಂದ ಇಬ್ಬರಾದರೂ, ಅವರಲ್ಲಿ ಒಬ್ಬರಾದರೂ ಹೆಂಗಸು, ಸೇರಲೇಬೇಕು. ಯರವ ನುಡಿಯಲ್ಲೋ ಜೇನುಕುರುಬರ ನುಡಿಯಲ್ಲೋ ಹೇಳಿದ ಧ್ವನಿ ಸಂದೇಶಕ್ಕೆ ಮಾಲೀಕರ ಸಂದೇಶಕ್ಕಿರುವಷ್ಟೇ ಬೆಲೆ ಸಿಗಬೇಕು. ಒಕ್ಕದ, ಊರಿನ, ಶಾಲೆಯ ಗುಂಪುಗಳಲ್ಲಿ ಸುಳ್ಳು ಹಂಚಿದವರು ಅದೇ ಗುಂಪಿನಲ್ಲಿ ಸುಳ್ಳೆಂದು ಒಪ್ಪಿಕೊಳ್ಳುವ ಪದ್ಧತಿ ಬರಬೇಕು, ಹಿರಿಯರೂ ಅದಕ್ಕೆ ಹೊರತಾಗಬಾರದು. ಯಾರದಾದರೂ ಜಾತಿಯನ್ನೋ ಹೆಣ್ತನವನ್ನೋ ಹಿಡಿದು ಬೈದರೆ ಮೊದಲು ತಡೆಯುವ ಹೊಣೆ ಗುಂಪು ಕಟ್ಟಿದವರದಾಗಬೇಕು, ಬೈಸಿಕೊಂಡವರಿಗೆ ಬಿಡಬಾರದು. ಇವು ಯಾವುವೂ ದೊಡ್ಡ ಸುಧಾರಣೆಗಳಲ್ಲ, ಸರ್ಕಾರದ ಆದೇಶಕ್ಕಾಗಿ ಕಾಯಬೇಕಾದವೂ ಅಲ್ಲ. ಹೊಸ ಲೋಕ ನಮ್ಮನ್ನು ತಾನಾಗಿ ಒಳ್ಳೆಯವರನ್ನಾಗಿ ಮಾಡುತ್ತದೆಂದು ಕೆಲವರು ನಂಬಿದ್ದರು, ತಾನಾಗಿ ಕೆಡಿಸುತ್ತದೆಂದು ಇನ್ನು ಕೆಲವರು ಹೆದರಿದ್ದರು. ಅದು ಎರಡನ್ನೂ ಮಾಡಲಿಲ್ಲ. ನಾವು ಇದ್ದ ಹಾಗೆಯೇ ನಮ್ಮನ್ನು ಒಳಗೆ ಬಿಟ್ಟುಕೊಂಡಿತು. ಅಲ್ಲಿ ಹೇಗಿರಬೇಕೆಂದು ನಿಶ್ಚಯಿಸುವ ಕೆಲಸ ನಮ್ಮದೇ. ನಾವು ನಿಶ್ಚಯಿಸದಿದ್ದರೆ ಹಳೆಯ ಮೇಲುಕೀಳು ನಮ್ಮ ಪರವಾಗಿ ನಿಶ್ಚಯಿಸುತ್ತದೆ, ಪ್ರತಿದಿನ ನಿಶ್ಚಯಿಸುತ್ತಲೂ ಇದೆ.